ಹಾಸನದವರು ಲೂವ್ರ್ ನೋಡುವುದು ಹೇಗೆ?

ಮಗನೋ ಮಗಳೋ ಯೂರೋಪಿನಲ್ಲಿ ಕೆಲಸದಲ್ಲಿರುವ ಮನೆ ಹಾಸನದ ಬೀದಿ ಬೀದಿಯಲ್ಲೂ ಒಂದಾದರೂ ಸಿಗುತ್ತದೆ. ‘ಅಮ್ಮ, ಒಂದ್ಸಲ ಬಂದು ಹೋಗಿ’ ಅಂತ ಕರೆಯುತ್ತಾರೆ. ಹೋದ ಮೇಲೆ ಪ್ಯಾರಿಸ್, ಪ್ಯಾರಿಸ್ ಅಂದ ಮೇಲೆ ಲೂವ್ರ್. ಸುಮಾರು 1190ರಲ್ಲಿ ಕೋಟೆಯಾಗಿ ಶುರುವಾಗಿ, ಫ್ರಾನ್ಸಿನ ರಾಜರ ಅರಮನೆಯಾಗಿ ಬೆಳೆದು, ಕ್ರಾಂತಿಯ ನಡುವೆ 1793ರಲ್ಲಿ ಮ್ಯೂಸಿಯಂ ಆದ ಜಾಗ ಅದು.

ಮೊದಲು ವಾರ ನೋಡಿಕೊಳ್ಳಿ. ಮಂಗಳವಾರ ಲೂವ್ರಿಗೆ ರಜೆ. ನಾವು ಸರಿಯಾಗಿ ಮಂಗಳವಾರವೇ ಹೋಗಿ, ಗಾಜಿನ ಪಿರಮಿಡ್ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬಂದೆವು. ಬುಧವಾರ, ಶುಕ್ರವಾರ ರಾತ್ರಿ 9ರವರೆಗೂ ತೆರೆದಿರುತ್ತದೆ. ನನ್ನ ಕೇಳಿದರೆ ಸಂಜೆಯೇ ವಾಸಿ.

ಟಿಕೆಟ್ ಅಲ್ಲೇ ತಗೊಂಡರಾಯಿತು ಅನ್ನಬೇಡಿ. ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ದಿನ, ಹೊತ್ತು ಆರಿಸಿ ಮೊದಲೇ ಬುಕ್ ಮಾಡಿ. 2026ರ ಜನವರಿಯಿಂದ ನಮ್ಮಂಥ ಹೊರಗಿನವರಿಗೆ 32 ಯೂರೋ. 18 ವರ್ಷದೊಳಗಿನವರಿಗೆ ಫ್ರೀ, ವಯಸ್ಸು ತೋರಿಸಲು ಪಾಸ್‌ಪೋರ್ಟ್ ಇರಲಿ. ಮೆಟ್ರೋದ 1 ಅಥವಾ 7ನೇ ಲೈನ್ ಹತ್ತಿದರೆ ಲೂವ್ರ್ ಹೆಸರಿನದೇ ಸ್ಟೇಷನ್ ಇದೆ. ನಿಪ್ಪಟ್ಟು, ಪುಳಿಯೋಗರೆಯ ಡಬ್ಬಿ ತಗೊಂಡು ಹೋದರೂ ಗ್ಯಾಲರಿಗಳಲ್ಲಿ ಬಿಚ್ಚುವಂತಿಲ್ಲ.

ಪಿರಮಿಡ್ ಕೆಳಗೆ ಇಳಿದರೆ ಮೂರು ಕಡೆಗೆ ದಾರಿ: ಡೆನೋನ್, ಸುಲ್ಲಿ, ರಿಶಲ್ಯು. ಜನರೆಲ್ಲ ಮೋನಾಲಿಸಾ ಅಂತ ಡೆನೋನ್ ಕಡೆಗೆ ನುಗ್ಗುತ್ತಾರೆ. ನೀವು ನುಗ್ಗಬೇಡಿ. ಅಲ್ಲಿ ಪ್ರದರ್ಶನಕ್ಕಿಟ್ಟಿರುವುದು ಸುಮಾರು 35,000 ವಸ್ತು. ಎಲ್ಲ ನೋಡುತ್ತೇನೆ ಅಂದವರಿಗೆ ಮಂಡಿನೋವೊಂದೇ ಗ್ಯಾರಂಟಿ. ಬೇಲೂರು, ಹಳೇಬೀಡು ನೋಡಿ ಬೆಳೆದ ನಮಗೆ ಕಲ್ಲು ನೋಡುವ ಅಭ್ಯಾಸ ಇದೆ ಅಲ್ವಾ? ಕಲ್ಲಿನಿಂದಲೇ ಶುರುಮಾಡಿ.

ರಿಶಲ್ಯು ಕಡೆ ಹೋಗಿ, ನೆಲಮಹಡಿಯಲ್ಲಿ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ ಶಾಸನ ಹುಡುಕಿ. ಎರಡೂಕಾಲು ಮೀಟರ್ ಎತ್ತರದ ಕರಿಕಲ್ಲು, 3,700 ವರ್ಷಕ್ಕೂ ಹಳೆಯದು. ನಮ್ಮ ಶಾಸನಗಳ ನೆತ್ತಿಯಲ್ಲಿ ಸೂರ್ಯ ಚಂದ್ರ ಇರುತ್ತಾರಲ್ಲ, ಇಲ್ಲಿ ಸೂರ್ಯದೇವ ಕೂತಿದ್ದಾನೆ, ರಾಜ ಎದುರಿಗೆ ನಿಂತಿದ್ದಾನೆ. ಕೆಳಗೆಲ್ಲ ಮೊಳೆ ಚುಚ್ಚಿದಂಥ ಅಕ್ಷರ, ಒತ್ತೊತ್ತಾಗಿ. ಹಲ್ಮಿಡಿಯ ಕಲ್ಲು ಮೈಸೂರು ಸೇರಿದ ಹಾಗೆ ಇದೂ ಊರು ಬಿಟ್ಟು ಬಂದದ್ದೇ. ಇರಾನಿನ ಸೂಸಾದಲ್ಲಿ ಸಿಕ್ಕಿತ್ತು.

ಆಮೇಲೆ ಡೆನೋನ್‌ನ ನೆಲಮಹಡಿ. ಮೈಕೆಲಾಂಜೆಲೊ ಕೆತ್ತಿದ ಇಬ್ಬರು ಗುಲಾಮರು ಇಲ್ಲಿದ್ದಾರೆ. ಕೆಲಸ ಪೂರ್ತಿಯಾಗಿಲ್ಲ. ಮೈ ನುಣ್ಣಗೆ ಹೊಳೆಯುತ್ತದೆ, ಪಕ್ಕದಲ್ಲೇ ಹಲ್ಲುಳಿ ಎಳೆದ ಗೆರೆಗಳು ಹಾಗೇ ಉಳಿದಿವೆ. ಸುತ್ತು ಹಾಕಿ ಬೆನ್ನನ್ನೂ ನೋಡಿ. ನಮ್ಮ ಮದನಿಕೆಯರದು ಬಳಪದ ಕಲ್ಲು, ಸೂಜಿಯಷ್ಟು ಸಣ್ಣ ಕೆಲಸಕ್ಕೂ ಒಗ್ಗುತ್ತದೆ. ಅಮೃತಶಿಲೆ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ನಾನು ಅಲ್ಲೇ ಇಪ್ಪತ್ತು ನಿಮಿಷ ನಿಂತೆ, ಮಗಳು ಎರಡು ಸಲ ಗಡಿಯಾರ ನೋಡಿದಳು.

ಈಗ ಮೋನಾಲಿಸಾ. ಬರೀ 77 ಸೆಂಟಿಮೀಟರ್ ಎತ್ತರ, 53 ಅಗಲ. ಗಾಜಿನ ಹಿಂದೆ ಆಕೆ, ಗಾಜಿನ ಮುಂದೆ ನೂರಾರು ಮೊಬೈಲು. ವೈಕುಂಠ ಏಕಾದಶಿಯ ಸಾಲಿನಂತೆ ಮುಂದಕ್ಕೆ ತಳ್ಳಿಸಿಕೊಂಡು ದರ್ಶನ ಮಾಡಿ, ತಕ್ಷಣ ಹಿಂದಕ್ಕೆ ತಿರುಗಿ. ಎದುರು ಗೋಡೆ ತುಂಬ ಇಟಲಿಯ ಚಿತ್ರಕಾರ ವೆರೊನೀಸನ ಮದುವೆ ಊಟದ ಚಿತ್ರವಿದೆ, ಹತ್ತಿರ ಹತ್ತಿರ 10 ಮೀಟರ್ ಅಗಲ. ನಾಯಿ, ಬೆಕ್ಕು, ವಾದ್ಯದವರು, ದ್ರಾಕ್ಷಾರಸ ಸುರಿಯುವವನು, ಎಲ್ಲ ಇದ್ದಾರೆ. ಅದನ್ನು ನೋಡುವವರೇ ಕಡಿಮೆ.

ಕಾಲು ಸೋತಿದ್ದರೂ ಸುಲ್ಲಿಯ ಕೆಳಮಹಡಿ ಮಾತ್ರ ಬಿಡಬೇಡಿ. ಹಳೇ ಕೋಟೆಯ ಬುಡ ಅಲ್ಲಿದೆ. ಅಗೆದು ತೆಗೆದ ಗೋಡೆಯ ಪಕ್ಕದಲ್ಲೇ ನಡೆಯಬಹುದು. ಜನವಿಲ್ಲ, ತಂಪು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಾನು ಕೆತ್ತಿದ ಮದನಿಕೆಯ ಕೆಳಗೆ ಹೆಸರು ಬರೆದ. ಇಲ್ಲಿಯ ಕಲ್ಲುಕುಟಿಗರು ಹೆಸರು ಬರೆದಿಲ್ಲ, ಗುರುತು ಹಾಕಿದ್ದಾರೆ. ಕಲ್ಲುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಅಂಗೈಯಷ್ಟಗಲದ ಹೃದಯದ ಆಕಾರ ಕಾಣುತ್ತದೆ. ನನಗೆ ಮೂರು ಸಿಕ್ಕವು.