ಫೋಟೊ ಕೆಬಿ ಇಳಿಸಬೇಕಾ? ಎಲ್ಲೂ ಅಪ್‌ಲೋಡ್ ಮಾಡಬೇಡಿ

ಅರ್ಜಿ ಹಾಕುವ ಸೀಸನ್ ಬಂದರೆ ಸಾಕು, ನಮ್ಮ ರಾಯಚೂರಿನ ಗ್ರೂಪಲ್ಲಿ ಒಂದೇ ಪ್ರಶ್ನೆ: "ಅಣ್ಣ, ಫೋಟೊ 50 ಕೆಬಿ ಒಳಗೆ ಮಾಡೋದು ಹೇಗೆ?" ಹೋದ ಸಲ ತಂಗಿಯ ಫೋಟೊ, ಸಹಿ ಎರಡನ್ನೂ ಯಾವುದೋ ವೆಬ್‌ಸೈಟಿಗೆ ಹಾಕಿದ್ದೆ. 4 ಎಂಬಿ ಹೋಗುವಷ್ಟರಲ್ಲಿ ಚಹಾ ಆರಿತು. ಅವು ಈಗ ಯಾರ ಸರ್ವರ್‌ನಲ್ಲಿ ಕೂತಿವೆಯೋ!

ಈಗ ನಾನು ಸ್ಕ್ವೂಶ್ ಅನ್ನೋ ಫೋಟೊ ಚಿಕ್ಕದು ಮಾಡುವ ವೆಬ್ ಆ್ಯಪ್ ಬಳಸುತ್ತೇನೆ. ಕ್ರೋಮ್ ತಂಡದವರು ಮಾಡಿದ್ದು, ಉಚಿತ. ಬ್ರೌಸರ್‌ನಲ್ಲಿ ತೆರೆದರೆ ಆಯ್ತು. ಮೊದಲು ರೀಸೈಜ್‌ನಲ್ಲಿ ಅಗಲ ಇಳಿಸಿ. ಆಮೇಲೆ ಮೋಜ್‌ಜೆಪೆಗ್ (ಜೆಪೆಗ್ ಫೋಟೊ ಕುಗ್ಗಿಸುವ ಆಯ್ಕೆ) ಆರಿಸಿ, ಕ್ವಾಲಿಟಿಯನ್ನು 75ರಿಂದ ನಿಧಾನಕ್ಕೆ ಕೆಳಗೆ ಎಳೆಯಿರಿ. ಎಷ್ಟು ಕೆಬಿ ಆಯಿತು ಅಂತ ಅಲ್ಲೇ ಕಾಣುತ್ತದೆ. ನಡುವಿನ ಗೆರೆ ಸರಿಸಿದರೆ ಹಳೇದು, ಹೊಸದು ಅಕ್ಕಪಕ್ಕ ನೋಡಬಹುದು. ಅಗಲ ಇಳಿಸದೆ ಸುಮ್ನೆ ಕ್ವಾಲಿಟಿ ಮಾತ್ರ ಇಳಿಸಿದರೆ ಮುಖ ಚೌಕ ಚೌಕ ಆಗುತ್ತದೆ, ಹುಷಾರು.

ಫೋಟೊ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ನಂಬಿಕೆ ಬರಲಿಲ್ವಾ? ಫೋಟೊ ತೆರೆದ ಮೇಲೆ ಡೇಟಾ ಆಫ್ ಮಾಡಿ ಎಳೆದು ನೋಡಿ, ಕೆಬಿ ಬದಲಾಗುತ್ತಲೇ ಇರುತ್ತದೆ.

ಇದು ವೆಬ್‌ಅಸೆಂಬ್ಲಿಯ ಕೆಲಸ. ಸಿ, ಸಿ++, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಮೊದಲೇ ಕಂಪೈಲ್ ಮಾಡಿ, ಅಂದರೆ ಬ್ರೌಸರ್ ಬೇಗ ಓಡಿಸಬಲ್ಲ ರೂಪಕ್ಕೆ ತಂದು, ಕೊಟ್ಟಿರುತ್ತಾರೆ. ಲೆಕ್ಕವೆಲ್ಲ ನಮ್ಮ ಫೋನಿನಲ್ಲೇ ನಡೆಯುತ್ತದೆ, ಅದೂ ಜೋರಾಗಿ. 2017ರಿಂದ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕರಲ್ಲೂ ಇದೆ. ಆಟೊಕ್ಯಾಡ್, ಫೋಟೊಶಾಪ್ ಬ್ರೌಸರ್‌ನಲ್ಲಿ ಓಡುವುದೂ ಇದರಿಂದಲೇ. ಡ್ರಾಯಿಂಗ್ ಮಾಡುವ ಸಿವಿಲ್ ಹುಡುಗರಿಗೆ ಗೊತ್ತಿರುತ್ತೆ, ಅಲ್ವಾ?

ರ‍್ಯಾಮ್ ಕಡಿಮೆ ಇರುವ ಹಳೇ ಫೋನ್ ಆದರೆ ಬೇರೆ ಟ್ಯಾಬ್ ಮುಚ್ಚಿ ಶುರು ಮಾಡಿ.