ಹೆಡ್‌ಫೋನ್ ಸತ್ತೇ ಹೋತು ಅನ್ನೂ ಮೊದಲ

ನಮ್ಮ ಮನ್ಯಾಗ ಆಗ್ಲಿ, ಬಾಜೂ ಮನ್ಯಾಗ ಆಗ್ಲಿ, ಮ್ಯಾಲಿನ ಖೋಲಿ ಬಾಡಿಗಿ ಹಿಡದ ಕಾಲೇಜ್ ಹುಡುಗ್ರ ಕಡೆ ಆಗ್ಲಿ, ಕಥಿ ಒಂದ. ವೈರ್ ಇಲ್ಲದ ಹೆಡ್‌ಫೋನ್ ಚಾಲೂ ಆಗ್ಲಿಲ್ಲಂದ್ರ ಬಟನ್ ಮ್ಯಾಲ ಹೆಬ್ಬಟ್ಟ ಇಟ್ಟು ಟಕಟಕ ಒತ್ತೂದು, ಎರಡು ನಿಮಿಷ ಚಾರ್ಜಿಗೆ ಹಚ್ಚಿ ಲೈಟ್ ಬರಲಿಲ್ಲಂತ ಕಿತ್ತು ಒಗಿಯೂದು, ಸಂಜಿಗೆ ಮೊಬೈಲ್‌ನ್ಯಾಗ ಹೊಸಾದು ಆರ್ಡರ್ ಮಾಡೂದು. ನೋಡಿ ನೋಡಿ ನನ್ನ ತಲಿ ಕೆಟ್ಟದ. ರೊಕ್ಕ ಪುಕ್ಕಟ ಬಂದಾವೇನು? ಅವ್ರು ಮೂಲಿಗೆ ಒಗದದ್ದನ್ನ ಎತ್ತಿ ತಂದು ತಣ್ಣಗ ಕುಂತು ನೋಡಿದ್ರ ಭಾಳಷ್ಟು ಹೊಳ್ಳಿ ಹಾಡ್ತಾವ. ಅದಕ್ಕ ಬರಿಲಿಕತ್ತೀನಿ. ಓದಿ ಬಿಡಬ್ಯಾಡ್ರಿ, ಮಾಡ್ರಿ.

ಮೊದಲ ಬಟನ್. ದೊಡ್ಡ ಹೆಡ್‌ಫೋನ್ ಇರ್ಲಿ, ಕೊರಳಾಗ ಹಾಕ್ಕೊಳ್ಳೂ ನೆಕ್‌ಬ್ಯಾಂಡ್ ಇರ್ಲಿ, ಒತ್ತಿ ಹಿಡಿಬೇಕು. ಲೈಟ್ ಬರೂತನ, ಇಲ್ಲಾ ಕಿವ್ಯಾಗ ಟುಣಕ್ ಅನ್ನೂತನ ಹಿಡಿರಿ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರ ಅದಕ್ಕೂ ತಿಳಿಯೂದಿಲ್ಲ, ನಿಮಗೂ ತಿಳಿಯೂದಿಲ್ಲ. ಮತ್ತ ಎಷ್ಟೋ ಹೆಡ್‌ಫೋನ್ ಚಾರ್ಜಿಗೆ ಹಚ್ಚಿದಾಗ ಚಾಲೂ ಆಗೂದ ಇಲ್ಲ, ಮಾಡಾವ್ರು ಹಂಗ ಮಾಡಿ ಇಟ್ಟಿರ್ತಾರ. ವೈರ್ ಚುಚ್ಚಿಟ್ಟು, ಬಟನ್ ಒತ್ತಿ, ಬರವಲ್ದು ಅಂತ ಅಳೂಕಿಂತ ವೈರ್ ತಗದು ಒತ್ರಿ. ಹೊಸಾ ಬಡ್ಸ್, ಅಂದ್ರ ಕಿವ್ಯಾಗ ಸಿಗಿಸೂ ಸಣ್ಣ ಜೋಡಿ, ತಂದಿದ್ರ ಅವನ್ನ ಚಾರ್ಜ್ ಮಾಡೂ ಡಬ್ಬಿಯಿಂದ ತಗದು ಬುಡಕ್ಕ ನೋಡ್ರಿ. ದಾರ್ಯಾಗ ಬ್ಯಾಟ್ರಿ ಖಾಲಿ ಆಗಬಾರ್ದಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ. ಅದನ್ನ ಕೀಳದ ಮೋಸ ಹೋದ್ವಿ ಅಂತ ಓಣಿ ತುಂಬ ಹೇಳಿಕೊಂಡು ಬಂದವ್ರನ್ನ ಕಂಡೀನಿ.

ಇನ್ನ ತಿಂಗಳಗಟ್ಲೆ ಮುಟ್ಟದ ಇಟ್ಟದ್ದು. ಪರೀಕ್ಷಾ ಅದ ಅಂತ ತಾಯಿ ಕಸಗೊಂಡು ಟ್ರಂಕಿನ್ಯಾಗ ಹಾಕಿರ್ತಾಳ, ಪರೀಕ್ಷಾ ಮುಗದು ತಗದ್ರ ಉಸರ ಇಲ್ಲ. ಇದರೊಳಗ ಇರೂದು ಲಿಥಿಯಂ ಬ್ಯಾಟ್ರಿ. ಹೆಸರಿಗೆ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ಸುಮ್ನ ಇಟ್ಟರೂ ತುಸು ತುಸು ಇಳಿತಿರ್ತದ. ಇಳದು ಇಳದು 3 ವೋಲ್ಟಿನ ಕೆಳಗ, ಎರಡೂವರಿ ಸನೇಕ ಹೋತಂದ್ರ ಬ್ಯಾಟ್ರಿ ಕಾಯೂ ಸರ್ಕೀಟು ಬಾಗಿಲ ಹಾಕ್ಕೊಂಡ ಬಿಡ್ತದ. ಆಮ್ಯಾಲ ಚಾರ್ಜಿಗೆ ಹಚ್ಚಿದ್ರ ಒಮ್ಮಿಗೇ ಪೂರ್ತಿ ಕರೆಂಟ್ ತಗೊಳ್ಳೂದಿಲ್ಲ. ಮೊದಲ ಸಣ್ಣಗ, ಜೀವ ಬಂದ ಮ್ಯಾಲ ಜೋರು. ಉಪವಾಸ ಬಿದ್ದಾಂವಗ ಮೊದಲ ಗಂಜಿ ಕುಡಿಸಿ ಆಮ್ಯಾಲ ರೊಟ್ಟಿ ಕೊಟ್ಟಂಗ. ಆ ಗಂಜಿ ಹೊತ್ತಿನ್ಯಾಗ ಲೈಟ್ ಹತ್ತದ ಇರಬಹುದು. ಅಷ್ಟರಾಗ ನಮ್ಮ ಹುಡುಗ್ರು ಕಿತ್ತಿರ್ತಾರ! ಅರ್ಧ ತಾಸು, ಒಂದು ತಾಸು ಅದರ ಕಡೆ ಕೈ ಹಾಕಬ್ಯಾಡ್ರಿ. ನಾನು ಮುಂಜಾನೆ ರೊಟ್ಟಿ ಬಡಿಲಿಕ್ಕೆ ಕೂಡೂ ಮುಂದ ಹಚ್ಚಿ, ಕಡೀ ರೊಟ್ಟಿ ಬುಟ್ಟಿಗೆ ಹಾಕಿ ಕೈ ತೊಳಕೊಂಡ ಮ್ಯಾಲ ನೋಡ್ತೀನಿ. ಆವಾಗೂ ಸುಳಿವಿಲ್ಲಂದ್ರ ಬ್ಯಾರೆ ಕಾರಣ ಹುಡುಕಬೇಕು.

ಹುಡುಕೂದು ವೈರಿನಿಂದ ಸುರು. ಅದ ಪ್ಲಗ್ಗು, ಅದ ಚಾರ್ಜರ್, ಅದ ವೈರಿಗೆ ನಿಮ್ಮ ಮೊಬೈಲ್ ಹಚ್ಚಿ ನೋಡ್ರಿ. ಮೊಬೈಲಿಗೂ ಏರಲಿಲ್ಲಂದ್ರ ಪಾಪ ಹೆಡ್‌ಫೋನಿಂದು ಏನು ತಪ್ಪು? ಗ್ವಾಡಿ ಮ್ಯಾಲಿನ ಸ್ವಿಚ್ಚ ಹಾಕದ ಕುಂತವ್ರೂ ಇರ್ತಾರ, ಅವ್ರ ಮಾತು ಬ್ಯಾಡ. ಮೊಬೈಲ್ ಚಾರ್ಜ್ ಆಗಿ ಬಡ್ಸ್ ಮಾತ್ರ ಆಗಲಿಲ್ಲಂದ್ರ ವೈರಿನ ಎರಡೂ ತುದಿ ನೋಡ್ರಿ. ಈಗ ಎರಡೂ ಕಡೆ ಒಂದ ನಮೂನಿ ಟೈಪ್-ಸಿ ತುದಿ ಇರೂ ವೈರ್ ಬಂದಾವ, ಫಾಸ್ಟ್ ಚಾರ್ಜರ್ ಜೋಡಿ ಕೊಡ್ತಾರ. ಆ ಚಾರ್ಜರ್ ಆಚೀ ಕಡೆ ಯಾರಿದಾರ ಅಂತ ಗುರುತು ಸಿಗೂತನ ಕರೆಂಟ್ ಬಿಡೂದ ಇಲ್ಲ. ಗುರುತು ಕೊಡಲಿಕ್ಕೆ ಬಡ್ಸ್ ಡಬ್ಬಿಯೊಳಗ 5.1 ಕಿಲೋ ಓಮಿನ ಎರಡು ಸಣ್ಣ ರೆಸಿಸ್ಟರ್ (ಕರೆಂಟ್ ತಡಿಯೂ ಭಾಗ) ಇರಬೇಕಂತ, ಎಂಜಿನಿಯರಿಂಗ್ ಓದೂ ಮೊಮ್ಮಗ ಹೇಳ್ದ. ಅಗ್ಗದ ಮಾಲು ಮಾಡಾವ್ರು ನಾಕಾಣೆ ಉಳಿಸಲಿಕ್ಕೆ ಅದನ್ನ ಹಾಕದ ಬಿಟ್ಟಿರ್ತಾರ. ಹಂಗಾಗಿ ಚಾರ್ಜರೂ ಚಲೋ ಅದ, ವೈರೂ ಚಲೋ ಅದ, ಬಡ್ಸೂ ಚಲೋ ಅದ, ಚಾರ್ಜ್ ಮಾತ್ರ ಇಲ್ಲ. ಒಂದು ಕಡೆ ಹಳೇ ಚಪ್ಪಟ ಯುಎಸ್‌ಬಿ, ಇನ್ನೊಂದು ಕಡೆ ಟೈಪ್-ಸಿ ಇರೂ ವೈರ್ ತಗೊಂಡು, ಹಳೇ ಸಾದಾ ಚಾರ್ಜರಿಗೆ ಹಚ್ರಿ. ಲೈಟ್ ಬರ್ತದ. ಪವರ್ ಬ್ಯಾಂಕ್ ನಂಬಬ್ಯಾಡ್ರಿ. ಬಡ್ಸ್ ತಗೊಳ್ಳೂ ಕರೆಂಟ್ ಭಾಳ ಸಣ್ಣದು, ಎಷ್ಟೋ ಪವರ್ ಬ್ಯಾಂಕ್ ಏನೂ ಹಚ್ಚಿಲ್ಲಂತ ತಿಳದು ತಾವ ಬಂದ್ ಆಗ್ತಾವ.

ಈಗ ನನ್ನ ಖಾಸ ಕೆಲಸ. ಇದನ್ನ ನಾ ಹೇಳಿದಂಗ ಮಾಡಬೇಕು, ಅರ್ಧಾ ಮಾಡಿ ಆಗ್ಲಿಲ್ಲಂತ ನನ್ನ ಮುಂದ ಬರಬಾರ್ದು.

ಒಂದು ಕಿವಿ ಹಾಡ್ತದ, ಇನ್ನೊಂದು ಹಾಡೂದಿಲ್ಲ. ಇಲ್ಲಾ ಡಬ್ಬಿ ತುಂಬೇದ, ಬಡ್ಸ್ ಮಾತ್ರ ಖಾಲಿ. ಬಡ್ಸ್ ಕೂಡೂ ತಗ್ಗಿನ್ಯಾಗ ಟಾರ್ಚಿನ ಬೆಳಕ ಬಿಟ್ಟು ನೋಡ್ರಿ, ಬಂಗಾರ ಬಣ್ಣದ ಸಣ್ಣ ಸಣ್ಣ ಮೊಳಿ ಕಾಣ್ತಾವ. ಅವುಕ್ಕ ಒಳಗ ಸ್ಪ್ರಿಂಗ್ ಇರ್ತದ. ಬಡ್ಸಿನ ಬುಡಕ್ಕೂ ಅಷ್ಟ ಬಂಗಾರ ಚುಕ್ಕಿ. ಮೊಳಿ ಚುಕ್ಕಿಗೆ ತಾಗಿದ್ರ ಚಾರ್ಜು, ಇಲ್ಲಂದ್ರ ಇಲ್ಲ. ನಡುವ ಏನು ಕುಂತಿರ್ತದ ಗೊತ್ತೇನು? ಕಿವಿ ಗುಗ್ಗಿ, ಬೆವರು, ತಲಿಗೆ ಹಚ್ಚಿದ ಎಣ್ಣಿ, ಕಿಸೇದ ಧೂಳಿ, ಎಲ್ಲಾ ಕೂಡಿ ಕರ್ರಗ ಗಟ್ಟಿ ಆಗಿರ್ತದ.

ಇದಕ್ಕ ದೇವರಿಗೆ ಬತ್ತಿ ಹೊಸಿಯೂ ಹತ್ತಿನೇ ಬೇಕು. ಅಂಗಡ್ಯಾಗಿನ ಕಿವಿ ಕಡ್ಡಿ ದಪ್ಪ, ಆ ತಗ್ಗಿನ್ಯಾಗ ಇಳಿಯೂದಿಲ್ಲ, ಇಳದ್ರ ಜುಂಗು ಬಿಡ್ತದ. ಕಟಗೀ ಹಲ್ಲುಕಡ್ಡಿ ತಗೋರಿ. ತುದಿ ಭಾಳ ಚೂಪಿದ್ರ ಪರಸಿ ಮ್ಯಾಲ ತುಸು ತಿಕ್ಕಿ ಮೊಂಡ ಮಾಡ್ರಿ. ಹತ್ತಿಯೊಳಗಿನ ಬೀಜ, ಕಸ ಎಲ್ಲಾ ಆರಿಸಿ ತಗದು, ಬೆಳಕಿಗೆ ಹಿಡದ್ರ ಆಚೀಕಡೆ ಕಾಣೂವಷ್ಟು ತೆಳ್ಳಗ ಜಗ್ರಿ. ಅದನ್ನ ಕಡ್ಡಿ ತುದಿಗಿಂತ ಚೂರ ಮುಂದ ಬರೂಹಂಗ ಇಟ್ಟು ಹೊಸಿರಿ, ಒಂದ ದಿಕ್ಕಿಗೆ ಮಾತ್ರ. ಹಿಂದ ಮುಂದ ಹೊಸದ್ರ ಒಳಗ ಬಿಚ್ಚಿಕೊಂಡು ಎಳಿ ಮೊಳಿಗೆ ಸುತ್ತಿಕೊಳ್ತದ, ಆಮ್ಯಾಲ ಅದನ್ನ ತಗಿಯೂದ ದೊಡ್ಡ ಕೆಲಸ. ಬತ್ತಿ ಹೊಸಿಯೂ ಮುಂದ ಬೆರಳಿಗೆ ಹಾಲು, ವಿಭೂತಿ ಹಚ್ಕೊಳ್ಳೂ ರೂಢಿ ಇದ್ದವ್ರು ಇದಕ್ಕ ಹಚ್ಕೋಬ್ಯಾಡ್ರಿ, ಒಣ ಕೈಲೇ ಹೊಸಿರಿ.

ಮೊದಲ ಒಣ ಹತ್ತಿ. ಡಬ್ಬಿ ಬೋರಲ ಹಿಡದು, ಕಡ್ಡಿ ಕೆಳಗಿಂದ ಹಾಕಿ, ಮೊಳಿ ಸುತ್ತ ತಿರುವ್ರಿ. ಬೋರಲ ಯಾಕಂದ್ರ ಉದರಿದ ಕಸ ಹೊರಗ ಬೀಳಬೇಕು, ಸ್ಪ್ರಿಂಗಿನ ಸಂದಿಗೆ ಹೋಗಬಾರ್ದು. ಹತ್ತಿ ಕಪ್ಪಾದ್ರ ಕಿತ್ತೊಗದು ಹೊಸಾದು ಸುತ್ರಿ, ಜಿಪುಣತನ ಮಾಡಬ್ಯಾಡ್ರಿ. ಆಮ್ಯಾಲ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡ್ಯಾಗ ಇರ್ತದ, ಔಷಧದ ಅಂಗಡ್ಯಾಗ ಕೇಳಿದ್ರೂ ಸಿಗ್ತದ. ಒಲಿ ಹಚ್ಚಿದ ಅಡಗಿ ಮನ್ಯಾಗ ಅದನ್ನ ಬಿಚ್ಚಬ್ಯಾಡ್ರಿ, ಲಗೂನ ಬೆಂಕಿ ಹಿಡಿತದ. ಹತ್ತಿ ತುದಿ ತೋಯಿಸಿ, ಅರಿವಿಗೆ ಒತ್ತಿ ಹಿಂಡ್ರಿ. ಹನಿ ಬೀಳಬಾರ್ದು, ಮುಟ್ಟಿದ್ರ ತಂಪನಿಸಬೇಕು, ಅಷ್ಟ. ಈಗ ಒಂದೊಂದ ಮೊಳಿ ತಲಿ ಮ್ಯಾಲ ಇಟ್ಟು ಹಗೂರಕ ಒತ್ತಿ ಬಿಡ್ರಿ. ಒಳಗ ಹೋಗಿ ಪುಟದು ಹೊರಗ ಬರಬೇಕು. ಬರದ ಒಳಗ ಕುಂತದ್ದು ಯಾವುದೋ ಅದ ಕಳ್ಳ. ಅದರ ಸುತ್ತ ಮತ್ತ ತಿರುವ್ರಿ, ಮತ್ತ ಒತ್ರಿ, ಸಡಲ ಆಗೂತನ ಬಿಡಬ್ಯಾಡ್ರಿ.

ಹಿಂದಿನ ಮನಿ ಹುಡುಗಿ ಹಿಂಗ ಒಂದು ಜೋಡಿ ತಂದಿದ್ಲು, ಎಡಗಿವಿದು ಉಸರ ಇಲ್ಲ. ನೋಡಿದ್ರ ಒಂದು ಮೊಳಿ ತಗ್ಗಿನ ಮಟ್ಟಕ್ಕ ಒತ್ತಿ ಕುಂತದ, ಸುತ್ತ ಕರೀ ಉಂಗುರ. ತೊಯ್ದ ಹತ್ತಿ ಹಾಕಿ ತಿರುವಿ ತಿರುವಿ ಒತ್ತಿದೆ, ಚಟ್ ಅಂತ ಮ್ಯಾಲ ಬಂತು. ಬಡ್ ಇಟ್ಟ ಕೂಡ್ಲೆ ಬಿಳೀ ಲೈಟ್. 'ಆಯಿ, ನಿಮ್ಮ ಕೈಗುಣ' ಅಂದ್ಲು. ಕೈಗುಣ ಎಲ್ಲಿಂದ ತಂದಿ ತಂಗೀ, ನಿನ್ನ ಕಿವಿ ಗುಗ್ಗಿ ತಗದೀನಿ ಅಷ್ಟ ಅಂದೆ. ಮಾರಿ ಸಣ್ಣದು ಮಾಡ್ಕೊಂಡು ಹೋದ್ಲು. ಆದ್ರ ಈಗ ವಾರಾ ಒರಸ್ತಾಳ.

ಬಡ್ಸಿನ ಬುಡದ ಚುಕ್ಕಿನೂ ಹಂಗ ಒರಸಿ, ಡಬ್ಬಿ ಬಾಯಿ ತಗದು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಆಮ್ಯಾಲ ಚಾರ್ಜಿಗೆ ಹಚ್ರಿ. ಸ್ಯಾನಿಟೈಜರ್ ನಡಿತದೇನು ಅಂತ ಕೇಳ್ತಾರ. ನಡಿಯೂದಿಲ್ಲ, ಅದಕ್ಕ ಗ್ಲಿಸರಿನ್ ಕೂಡಿಸಿರ್ತಾರ, ಅಂಟು ಉಳಿತದ. ಬಾಯಿಂದ ಊದೂದೂ ಬ್ಯಾಡ, ಉಗುಳ ಹೋಗ್ತದ. ಚಾರ್ಜಿಂಗ್ ತೂತಿನ್ಯಾಗ ಕಿಸೇದ ಜುಂಗು ತುಂಬಿದ್ರ ಅದ ಕಟಗೀ ಕಡ್ಡಿ, ಹತ್ತಿ ಇಲ್ಲದ, ಅಂಚಿಗುಂಟ ಹಗೂರಕ. ಸೇಫ್ಟಿ ಪಿನ್ ಹಾಕಿ ಕೆರಿಯೂದು ನೋಡಿದ್ರ ನನಗ ಸಿಟ್ಟು ನೆತ್ತಿಗೇರ್ತದ. ಚಿಮಣಿ ಎಣ್ಣಿ ಸ್ಟೋಕ್ಕ ಪಿನ್ ಹಾಕಿ ತೂತ ಬಿಡಸ್ತಿದ್ದಿವಿ ಖರೆ, ಅದು ಹಿತ್ತಾಳಿ ಬರ್ನರ್. ಇಲ್ಲಿ ಕರೆಂಟಿನ ಹಲ್ಲು ಸಾಲಾಗಿ ಅವ, ಎರಡಕ್ಕೂ ಪಿನ್ ತಾಗಿದ್ರ ಶಾರ್ಟ್.

ಹಳೇ ರೂಢಿ ಎಲ್ಲಾನೂ ಇಲ್ಲಿಗೆ ತರಬಾರ್ದು. ಧಾರವಾಡ ಆಕಾಶವಾಣಿ ಸುರು ಆದದ್ದು 1950ರಾಗ. ನನಗ ತಿಳವಳಿಕಿ ಬರೂ ಹೊತ್ತಿಗೆ ನಮ್ಮನಿ ಟ್ರಾನ್ಸಿಸ್ಟರ್ ಮುಂಜಾನೆ ಅದನ್ನ ಹಚ್ಚಿಕೊಂಡ ಏಳ್ತಿತ್ತು. ದನಿ ಸಣ್ಣ ಆತಂದ್ರ ನಮ್ಮಪ್ಪ ಸೆಲ್ ತಗದು ಮಾಳಗಿ ಮ್ಯಾಲ ಬಿಸಲಿಗೆ ಇಡ್ತಿದ್ದ. ಕಾವಿಗೆ ಸೆಲ್ಲಿನೊಳಗಿನ ಕೆಲಸ ತುಸು ಚುರುಕಾಗಿ ಮತ್ತೊಂದು ಹೊತ್ತು ಹಾಡ್ತಿತ್ತು. ಸ್ಪ್ರಿಂಗಿಗೆ ಹಸರ ಕಿಲಬ ಹತ್ತಿದ್ರ ಪಾಲಿಶ್ ಪೇಪರ್ ಹಚ್ಚಿ ಗರಗರ ತಿಕ್ಕತಿದ್ದ. ಬಡ್ಸಿಗೆ ಪಾಲಿಶ್ ಪೇಪರ್ ಹಚ್ಚಿದ್ರ ಮ್ಯಾಲಿನ ಬಂಗಾರದ ಲೇಪ ಹೋಗಿ ಮುಂದ ಖಾಯಂ ತುಕ್ಕು. ಲಿಥಿಯಂ ಬ್ಯಾಟ್ರಿ ಬಿಸಲಿಗೆ ಇಟ್ರಂತೂ ಅದರ ಆಯುಷ್ಯ ನೀವ ತಗದಂಗ.

ಈ ಬ್ಯಾಟ್ರಿ ಚಾರ್ಜ್ ಮಾಡೂದು 0 ಡಿಗ್ರಿಯಿಂದ 45 ಡಿಗ್ರಿ ಒಳಗ. ನಮ್ಮ ವಿಜಯಪುರದಾಗ ಏಪ್ರಿಲ್ ಮೇ ಬಂತಂದ್ರ ನೆರಳಿನ್ಯಾಗ 40 ದಾಟ್ತದ. ಬೀಗರಿಗೆ ಗೋಲಗುಮ್ಮಟ ತೋರಿಸ್ಲಿಕ್ಕೆ ಹೋಗಿ, ಗಾಡಿ ಬಿಸಲಾಗ ನಿಲ್ಲಿಸಿ, ಹೆಡ್‌ಫೋನ್ ಡಿಕ್ಕಿಯೊಳಗ ಇಟ್ಟು, ಸಂಜಿಗೆ ಮನಿಗೆ ಬಂದು ಕಾದದ್ದನ್ನ ಹಂಗ ಚಾರ್ಜಿಗೆ ಹಚ್ಚಿದ್ರ ಅದು ಒಲ್ಲೆ ಅಂತದ. ಕೆಟ್ಟಿಲ್ಲ, ಕಾದದ. ತಂಪು ಖೋಲ್ಯಾಗ ಒಂದಿಷ್ಟು ಹೊತ್ತು ಬಿಡ್ರಿ. ಫ್ರಿಜ್‌ನ್ಯಾಗ ಇಡಬ್ಯಾಡ್ರಿ, ಹೊರಗ ತಗದಾಗ ಒಳಗ ನೀರ ಹನಿ ಕೂಡ್ತದ.

ನೀರ ಹೊಕ್ಕದ್ದು ಬ್ಯಾರೆ ಮಾತು. ಪ್ಯಾಂಟಿನ ಕಿಸೇದಾಗ ಹೋಗಿ ವಾಷಿಂಗ್ ಮಷಿನ್‌ನ್ಯಾಗ ತಿರುಗಿ ಬಂದದ್ದನ್ನ ಚಾಲೂ ಮಾಡಿ ನೋಡಬ್ಯಾಡ್ರಿ, ಚಾರ್ಜಿಗೆ ಹಚ್ಚಬ್ಯಾಡ್ರಿ. ಒರಸಿ, ಫ್ಯಾನ್ ಗಾಳಿಗೆ ಒಂದೆರಡು ದಿನ ಇಡ್ರಿ. ಅಕ್ಕಿ ಡಬ್ಬಿಯೊಳಗ ಹುಗದು ಇಡೂ ಚಟ ಎಲ್ಲಿಂದ ಬಂತೋ! ಅಕ್ಕಿ ಪುಡಿ ಹೋಗಿ ಆ ಮೊಳಿ ಸುತ್ತ ಅಂಬಲಿ ಆಗಿರ್ತದ, ಆಮ್ಯಾಲ ಆ ಅಕ್ಕಿ ಯಾರು ಉಣಬೇಕು? ಕಾಳಿನ ಮಾತು ಬಂತಂತ ಹೇಳ್ತೀನಿ, ಜ್ವಾಳ ಬಿಸಲಿಗೆ ಹಾಕಿ ಕಾದದ್ದನ್ನ ಹಂಗ ಕಣಜಕ್ಕೋ ಡ್ರಮ್ಮಿಗೋ ತುಂಬ್ತಾರ ಈಗಿನ ಸೊಸ್ತೇರು. ಒಳಗ ಬೆವತು ನುಸಿ ಬೀಳ್ತದ. ರಾತ್ರಿ ಹರವಿ ಆರಿಸಿ, ಮುಂಜಾನೆ ತಂಪಾದ ಮ್ಯಾಲ ಒಣ ಬೇವಿನೆಲಿ ನಡುನಡುವ ಹಾಕಿ ತುಂಬ್ರಿ. ಎಲಿ ಹಸಿ ಇದ್ರ ಹಾಕಿದ್ದೂ ವ್ಯರ್ಥ.

ಇಷ್ಟೆಲ್ಲಾ ಮಾಡಿ, ಚಾರ್ಜ್ ಏರೇದ ಆದ್ರೂ ಚಾಲೂ ಆಗವಲ್ದಂದ್ರ ರೀಸೆಟ್. ಒಂದೊಂದಕ್ಕ ಒಂದೊಂದು ರೀತಿ ಇರ್ತದ. ಡಬ್ಬಿ ಜೋಡಿ ಬಂದ ಚೀಟಿಯೊಳಗ ಬರದಿರ್ತಾರ, ಅದನ್ನ ಓದದ ಒಗದಿರ್ತೀರಿ. ಸಾಮಾನ್ಯಕ್ಕ ಬಟನ್ ಹತ್ತು ಹದಿನೈದು ಸೆಕೆಂಡ್ ಬಿಡದ ಒತ್ತಿ ಹಿಡದ್ರ ಆಗ್ತದ. ಆಮ್ಯಾಲ ಮೊಬೈಲ್‌ನ್ಯಾಗಿನ ಹಳೇ ಹೆಸರ ಅಳಿಸಿ ಹೊಸದಾಗಿ ಕೂಡಿಸ್ರಿ.

ಒಂದ ಮಾತಿಗೆ ಮಾತ್ರ ಹಟ ಬ್ಯಾಡ. ಹೆಡ್‌ಫೋನ್ ಇಲ್ಲಾ ಡಬ್ಬಿ ಉಬ್ಬಿದ್ರ, ಜೋಡಣಿ ಸಂದು ಬಿಟ್ಟಿದ್ರ, ಸಿಹಿ ಸಿಹಿ ಔಷಧಿ ವಾಸನಿ ಬಂದ್ರ ಒಳಗಿನ ಬ್ಯಾಟ್ರಿ ಉಬ್ಬೇದ. ಅದನ್ನ ಚಾರ್ಜಿಗೆ ಹಚ್ಚಬ್ಯಾಡ್ರಿ, ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ. ಕಸದ ಗಾಡಿಗೂ ಹಾಕಬ್ಯಾಡ್ರಿ, ಗಾಡ್ಯಾಗ ಅಮುಕಿದ್ರ ಬೆಂಕಿ ಹತ್ತತದ. ಹಾಸಿಗಿ, ಅರಿವಿಯಿಂದ ದೂರ ಪರಸಿ ಮ್ಯಾಲ ಇಟ್ಟು, ಲಗೂನ ಸರ್ವಿಸ್ ಸೆಂಟರಿಗೆ ಒಯ್ದು ಕೊಡ್ರಿ. ವಾರಂಟಿ ಮುಗದಿಲ್ಲಂದ್ರ ಯಾವ ಕಾರಣಕ್ಕೂ ನೀವು ಬಿಚ್ಚಬ್ಯಾಡ್ರಿ, ಬಿಲ್ ಹುಡುಕಿ ಇಟ್ಕೋರಿ. ಬಡ್ಸ್ ಅಂಟು ಹಾಕಿ ಮುಚ್ಚಿರ್ತಾರ, ಬ್ಯಾಟ್ರಿ ಬದಲಿ ಮಾಡೂದು ಕಷ್ಟ. ದೊಡ್ಡ ಹೆಡ್‌ಫೋನ್, ನೆಕ್‌ಬ್ಯಾಂಡ್ ಆದ್ರ ಕೈ ಪಳಗಿದ ರಿಪೇರಿಯಾಂವ ಮಾಡಿ ಕೊಡ್ತಾನ. ಅಂಗಡಿಗೆ ಹೋಗೂ ಮುಂದ ನಿಮ್ಮ ವೈರೂ ಚಾರ್ಜರೂ ಜೋಡಿ ಒಯ್ರಿ, ಅಂವ ಮೊದಲ ಕೇಳೂದ ಅದನ್ನ.