ಖರೀದಿ ಅವನಿಗೆ ಬಿಟ್ಟೆ, ಫೋನೂ ಬಿಟ್ಟೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ದಾಲ್ ಮಿಲ್. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರತೊಡಗಿತು ಅಂದರೆ ಬೆಳಿಗ್ಗೆ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ ಖರೀದಿ, ಮಧ್ಯಾಹ್ನ ಮಿಲ್ಲು, ರಾತ್ರಿ ಲೆಕ್ಕ. ಎಲ್ಲಾ ನಾನೇ. 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ (ಈ ಭಾಗದ್ದೇ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕ ಮೇಲಂತೂ ಮಾಲು ಕೆಟ್ಟರೆ ಹೆಸರು ಹೋಗುತ್ತದೆ ಅನ್ನುವ ಭಯ ಜಾಸ್ತಿಯಾಯಿತು.

ಒಮ್ಮೆ ಅಕ್ಕನ ಮಗಳ ಮದುವೆಗೆ ಸೇಡಂಗೆ ಹೋಗಿದ್ದೆ. ಮುಹೂರ್ತಕ್ಕೆ ಫೋನ್ ಬಂದ್ ಮಾಡಿದ್ದೆ. ಆಗಲೇ ಮಿಲ್ಲಿನ ಬೆಲ್ಟ್ ಹರಿಯಿತು. ಮಿಲ್ಲಿನ ಗುಮಾಸ್ತರಾದ ಮುನೀಮರ ಹತ್ತಿರ ದುಡ್ಡಿತ್ತು, ಅಂಗಡಿಯೂ ಹತ್ತಿರ. ಆದರೂ ಮೂರು ತಾಸು ಮಿಲ್ಲು ನಿಂತಿತ್ತು. ಯಾಕೆ ಅಂದೆ. "ನೀವು ಬೈತೀರಂತ ಸುಮ್ನ ಕುಂತೇವ್ರಿ ಸಾವಕಾರ್ರ" ಅಂದರು. ಹಿಂದೊಮ್ಮೆ ಕೇಳದೆ ಬೇರಿಂಗ್ ತಂದರು ಅಂತ ಎಲ್ಲರೆದುರು ಅವರಿಗೆ ಬೈದಿದ್ದೆ. ಹಿರಿಯರಿಗೆ ಹಾಗೆ ಬೈಯಬಾರದಿತ್ತು.

ಅವತ್ತೇ ಐದು ಸಾವಿರದವರೆಗಿನ ರಿಪೇರಿ ಅವರಿಗೆ ಬಿಟ್ಟೆ. ಅದು ಸುಲಭ. ಖರೀದಿ ಬಿಡುವುದೇ ಕಷ್ಟವಾಯಿತು.

ಮೂರು ವಾರ ಖರೀದಿ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋದೆ. ಪ್ರತಿ ರಾಶಿ ಮುಂದೆ ಮೊದಲು ಅವನೇ ರೇಟು ಹೇಳಬೇಕು, ಆಮೇಲೆ ನಾನು. ಕಾಳು ಕಡಿದರೆ ಟಕ್ ಅನ್ನಬೇಕು, ಬಣ್ಣ ಒಂದೇ ಇರಬೇಕು. ನಮ್ಮಿಬ್ಬರ ರೇಟು ಹತ್ತಿರ ಬಂದ ಮೇಲೆ ಒಬ್ಬನನ್ನೇ ಕಳಿಸಿದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಅದು ಬಿಟ್ಟಂಗಲ್ಲ, ಅಲ್ವಾ? ಆಮೇಲೆ ಬೆಳಿಗ್ಗೆ ಮೂರೇ ಮಾತು: ಎಷ್ಟು ಕ್ವಿಂಟಲ್, ಎಷ್ಟರವರೆಗೆ ರೇಟು, ತೇವ ಶೇ 12 ದಾಟಬಾರದು. ಇದರೊಳಗೆ ಅವನದೇ ತೀರ್ಮಾನ.

ಎರಡನೇ ವಾರವೇ ಹಸಿ ಮಾಲು ತಂದ. ರಾಶಿಯ ಮೇಲಿನ ಕಾಳು ಮಾತ್ರ ನೋಡಿದ್ದ. ಎರಡು ದಿನ ಜಾಸ್ತಿ ಬಿಸಿಲಿಗೆ ಹಾಕಿದೆವು. ಆದರೂ ನುಚ್ಚು ಜಾಸ್ತಿ ಬಂತು, ಬೇಳೆ ಕಡಿಮೆ. ಹೊಟ್ಟೆ ಉರಿಯಿತು. ಮರುದಿನ ನಾನೇ ಹೋಗಿಬಿಡಬೇಕು ಅನಿಸಿತು. ಹೋಗಿದ್ದರೆ ಅವನು ಮತ್ತೆಂದೂ ಧೈರ್ಯ ಮಾಡುತ್ತಿರಲಿಲ್ಲ. ನಷ್ಟದ ಲೆಕ್ಕ ಜೊತೆಗೆ ಕೂತು ಹಾಕಿ ತೋರಿಸಿದೆ, ಮತ್ತೆ ಅವನನ್ನೇ ಕಳಿಸಿದೆ. ಅಂದಿನಿಂದ ಅವನು ಮೊಣಕೈವರೆಗೂ ರಾಶಿಯೊಳಗೆ ಕೈ ಹಾಕಿ ಅಡಿಯ ಕಾಳು ತೆಗೆಯುತ್ತಾನೆ.

ಉದ್ರಿ ಕೊಡುವುದು ಮಾತ್ರ ಇನ್ನೂ ನನ್ನ ಕೈಯಲ್ಲೇ ಇದೆ. ದುಡ್ಡು ತಿಂಗಳುಗಟ್ಟಲೆ ಹೊರಗೆ ನಿಂತರೆ ಮುಂದಿನ ಖರೀದಿಯೇ ನಿಲ್ಲುತ್ತದೆ. ಈ ಸುಗ್ಗಿಗೆ ಹಳೇ ಗಿರಾಕಿಗಳ ಉದ್ರಿಯನ್ನಾದರೂ ಮುನೀಮರಿಗೆ ಬಿಡುತ್ತೇನೆ. ಅವರಿಗೆ ಹೇಳಿಯೂ ಆಗಿದೆ.